ಮೀನೋ, ನೀನೋ

ಬೆಂಡು ಅಲ್ಲಾಡಿದಾಗಲೆಲ್ಲ ಮೂವರೂ ಕೇಳುತ್ತಾರೆ:
'ಪಾಂಡೋಜಿ, ಮೀನೋ, ನೀನೋ?'
ನಾನೇ, ಅನ್ನುತ್ತೇನೆ.
ಹತ್ತರಲ್ಲಿ ಒಂಬತ್ತು ಸಲ ನಾನೇ.
ಹತ್ತನೆಯದೂ ನಾನೇ ಅಂದುಕೊಂಡು ಸುಮ್ಮನಿದ್ದಾಗ
ಎರೆಹುಳು ತಿಂದು, ಬಾಯಿ ಒರೆಸಿಕೊಂಡು
ಹೋಗಿರುತ್ತದೆ ಗಾಜನೂರಿನ ಗೆಂಡೆ.

ನಲವತ್ತು ವರ್ಷ ಈ ಕೈ
ಶಿವಮೊಗ್ಗೆಯ ಅಂಗಡಿಗಳಿಗೆ ಹೆಸರು ಬರೆದಿದೆ.
ಏಣಿ ಹತ್ತಿ, ದಾರಕ್ಕೆ ಸುಣ್ಣ ಸವರಿ,
ಟಪ್ಪೆಂದು ಗೋಡೆಗೆ ಬಡಿದು ಗೆರೆ ಎಬ್ಬಿಸಿ,
ಆಳೆತ್ತರದ 'ಶ್ರೀ' ಒಂದನ್ನು
ಒಂದೇ ಉಸಿರಲ್ಲಿ ತಿರುಗಿಸಿ ಇಳಿಸುತ್ತಿತ್ತು.
ಈಗ ಬ್ಯಾಂಕಿನ ಚೀಟಿಯಲ್ಲಿ
'ಪಾ' ಜೋಳದ ಕಾಳು,
'ಜಿ' ಬರುವಷ್ಟರಲ್ಲಿ ಸಾಸಿವೆ.
ಕ್ಯಾಶಿಯರ್ ಹುಡುಗಿ ಕನ್ನಡಕ ಏರಿಸಿ
'ಅಜ್ಜಾ, ಇದು ನೀವೇನಾ?' ಅಂದಳು.
ಇರಬೇಕಮ್ಮ, ಅಂದೆ.

ಡಾಕ್ಟರು ಪಾರ್ಕಿನ್ಸನ್ ಅಂದರು.
ಪಂಚರ್ ಅಂಗಡಿಯ ಬುಡನ್ ಸಾಬಿಗೆ ಅದು
ಪಾರ್ಕಿಂಗ್ ಎಂದೇ ಕೇಳಿಸಿತು.
'ಊರ ತುಂಬ ನೋ ಪಾರ್ಕಿಂಗ್ ಬರೆದೆಯಲ್ಲ,
ಯಾರದೋ ಶಾಪ ತಟ್ಟಿದೆ ಬಿಡು.'
ಮನೆಯಲ್ಲಿ ಯಾರೂ ಇನ್ನೂ ಸರಿಯಾಗಿ ಅತ್ತಿರಲಿಲ್ಲ,
ನಾನು ಆಗಲೇ ನಕ್ಕುಬಿಟ್ಟಿದ್ದೆ.

ನಗುವೂ ಈಗ ಮೊದಲಿನಂತಲ್ಲ.
ಹೊಟ್ಟೆಯಲ್ಲಿ ಹುಟ್ಟುತ್ತದೆ,
ಮುಖಕ್ಕೆ ಬರುವಷ್ಟರಲ್ಲಿ ಮಾತು ಹಳಸಿರುತ್ತದೆ.
ಹಾಲೇಶಿ ಬಸ್ಸಿನಲ್ಲಿ ಕಂಡಕ್ಟರನಾಗಿದ್ದವನು.
'ತಡೀರಿ, ಇವನ ನಗು ಸಾಗರ ಬಿಟ್ಟಿದೆಯಂತೆ,
ಆಯನೂರಲ್ಲಿ ಚಾ ಕುಡೀತಿದೆ' ಅನ್ನುತ್ತಾನೆ.
ಅವರು ಕಾಯುತ್ತಾರೆ. ಬರುತ್ತದೆ.
ಸೀಟಿ ಹೊಡೆದು ಇಳಿಸಿಕೊಳ್ಳುತ್ತಾರೆ.

ಹುಳು ಚುಚ್ಚಿ ಕೊಡುವುದು ಲಿಯೋ ಮಾಸ್ತರು.
ಹುಳುವೂ ಕುಣಿಯುತ್ತದೆ, ಬೆರಳೂ ಕುಣಿಯುತ್ತದೆ,
ಇಬ್ಬರನ್ನೂ ಒಂದೇ ಗಾಳಕ್ಕೆ ಸೇರಿಸುವುದು
ನನ್ನಿಂದಾಗದ ಕೆಲಸ.
ಫ್ಲಾಸ್ಕಿನ ಚಾ ನನಗೆ ಅರ್ಧ ಲೋಟ, ಎರಡು ಸಲ.
ಯಾಕೆಂದು ಅವರು ಹೇಳಲಿಲ್ಲ, ನಾನು ಕೇಳಲಿಲ್ಲ.
ಈಚೆಗೆ ನೋಡಿದರೆ
ಅವರೂ ಅರ್ಧರ್ಧವೇ ಕುಡಿಯುತ್ತಿದ್ದಾರೆ.

ಕಾರ್ತೀಕದ ಒಂದು ಸಂಜೆ
ಬುಟ್ಟಿ ಎತ್ತಿಕೊಂಡು ದಡ ಹತ್ತುವಾಗ
ಮಾತ್ರೆಯ ಕಾವು ಇಳಿದಿತ್ತು.
ಬಂಡೆಯ ಮೇಲೆ ನಿಂತೆ. ನಿಂತೇಬಿಟ್ಟೆ.
ಅಂಗಾಲಿಗೆ ಯಾರೋ ಸರೇಸು ಬಳಿದ ಹಾಗೆ.
ಹಿನ್ನೀರಿನ ಬೆಳಕು ಹೋಗುತ್ತಿತ್ತು,
ನಾನು ಹೋಗುತ್ತಿರಲಿಲ್ಲ.
ಆವತ್ತು ಮೊದಲಿಗೆ ಯಾರೂ ತಮಾಷೆ ಮಾಡಲಿಲ್ಲ.
ಅದಕ್ಕೇ ಹೆದರಿಕೆಯಾಯಿತು ನನಗೆ.

ಡ್ರಿಲ್ ಮಾಸ್ತರ ಗಂಟಲಲ್ಲಿ ಲಿಯೋ ಕೂಗಿದರು: 'ಲೆಫ್ಟ್!'
ಹಾಲೇಶಿ ಅಭ್ಯಾಸಬಲದಿಂದ: 'ರೈಟ್, ರೈಟ್!'
ಯಾರ ಮಾತು ಕೇಳಲಿ ಎಂದು ಕಾಲು
ಇನ್ನಷ್ಟು ಗೊಂದಲಕ್ಕೆ ಬಿತ್ತು.
ಬುಡನ್ ಸಾಬಿ ಮಾತಾಡಲಿಲ್ಲ.
ಟ್ಯೂಬಿನ ತೂತಿಗೆ ಗುರುತು ಹಾಕುವ ಚಾಕ್‌ಪೀಸು
ಜೇಬಿಂದ ತೆಗೆದು, ಕುಕ್ಕರಗಾಲಲ್ಲಿ ಕೂತು,
ನನ್ನ ಮುಂದೆ ಒಂದು ಗೆರೆ ಎಳೆದ.
ಗೇಣು ಬಿಟ್ಟು ಇನ್ನೊಂದು. ಮತ್ತೊಂದು.

ಎಂಥ ಗೆರೆಗಳು!
ಒಂದು ನೀರುಹಾವು, ಒಂದು ಮುರಿದ ಕಡ್ಡಿ,
ನಡುವಿನ ಅಂತರ ಒಂದಕ್ಕೊಂದು ತಾಳೆಯಿಲ್ಲ.
'ಥೂ ಸಾಬೀ, ನನ್ನ ಶಿಷ್ಯನಾಗಿದ್ದರೆ
ಬ್ರಷ್ಷಿನ ಹಿಡಿಯಲ್ಲೇ ಬಾರಿಸುತ್ತಿದ್ದೆ' ಎಂದು
ಬಯ್ಯಲು ಬಾಯಿ ತೆರೆದೆ.
ಬೈಗುಳ ಮುಗಿಯುವಷ್ಟರಲ್ಲಿ
ಕಾಲು ತಾನಾಗಿ ದಾಟಿತ್ತು, ಮೂರನೆಯ ಗೆರೆ.

ಈಗ ನಾಲ್ಕೂ ಜೇಬಿನಲ್ಲಿ ಚಾಕ್‌ಪೀಸು.
ಮನೆಯ ಹೊಸ್ತಿಲು, ಬಚ್ಚಲು, ಬಸ್‌ಸ್ಟ್ಯಾಂಡಿನ ಮೂಲೆ,
ಎಲ್ಲ ಕಡೆಗೂ ಅವರದೇ ಸೊಟ್ಟ ಕೈಬರಹ.
ತಿದ್ದಬೇಕೆಂದು ಬಗ್ಗುತ್ತೇನೆ.
ನನ್ನದು ಇನ್ನೂ ಸೊಟ್ಟ.

ಇವತ್ತು ಭಾನುವಾರ.
ಗಾಳಿಯಿಲ್ಲ, ನೀರು ಬಣ್ಣ ಒಣಗಿದ ಬೋರ್ಡಿನಂತಿದೆ.
ಕೈ ಮೊಣಕಾಲ ಮೇಲೆ ತನ್ನ ಪಾಡಿಗೆ ತಾನು
ಅಡಕೆ ಎಣಿಸುತ್ತಿದೆ.
ಬೆಂಡು ಒಮ್ಮೆ ಕುಣಿಯಿತು, ಇನ್ನೊಮ್ಮೆ,
ಆಮೇಲೆ ಪೂರ್ತಿ ಒಳಗೆ ಹೋಯಿತು.
ಮೂವರೂ ಬಾಯಿ ತೆರೆದರು.

ಸುಮ್ನಿರ್ರೋ, ಅಂದೆ.
ಲೆಕ್ಕ ಹಾಕ್ತಾ ಇದೀನಿ.