ಚಕ್ಕುಬಂದಿ

ಪೆನ್ಹ್ಯಾಲೋ ಕೌಂಟಿಯ ದಸ್ತಾವೇಜು ಕಚೇರಿಯಲ್ಲಿ
ಇಪ್ಪತ್ತಾರು ವರ್ಷದಿಂದ ನಾನು ಷರಾ ಬರೆಯುವವಳು.
ನಕಾಶೆಯಲ್ಲಿ ನಮ್ಮ ಕೌಂಟಿ ಹರಿದ ಕೈಗವಸಿನ ಹಾಗೆ,
ಬೆರಳಿಗೊಂದು ಊರು, ಸಂದುಸಂದಿನಲ್ಲೂ ಉಪ್ಪುನೀರು.
ಎದುರು ದಂಡೆಯ ತಂಗಿಯ ಮನೆ ದೀಪ
ನನ್ನ ಅಡುಗೆಮನೆ ಕಿಟಕಿಗೆ ಕಾಣುತ್ತದೆ;
ಹೋಗಿ ಬಾಗಿಲು ತಟ್ಟಲು ನಲವತ್ತು ಮೈಲಿ ಸುತ್ತು.

ಎಷ್ಟು ಎಕರೆ ಎಂದು ಮಾತ್ರ ಕೇಳಬೇಡಿ.
ದಿನಕ್ಕೆ ಎರಡು ಸಲ ಹಿಗ್ಗುತ್ತದೆ, ಎರಡು ಸಲ ಕುಗ್ಗುತ್ತದೆ.
ಇಳಿತದಲ್ಲಿ ಮೇಲೆದ್ದ ಕೆಸರು ಯಾರದೆಂದು
ಮೇಲಿನ ಮಹಡಿಯ ನ್ಯಾಯಾಲಯದಲ್ಲಿ ಮೂರು ತಲೆಮಾರಿನ ವ್ಯಾಜ್ಯ;
ತೀರ್ಪು ಬರುವಷ್ಟರಲ್ಲಿ ನೀರು ಬಂದಿರುತ್ತದೆ.
ಏಸಾ ಡೈಯರ್ ಅದಕ್ಕೆಲ್ಲ ಕಾಯುವವನಲ್ಲ.
ತೊಡೆಯುದ್ದದ ಬೂಟು ತೊಟ್ಟು, ಬೆನ್ನನ್ನು ಆಕಾಶಕ್ಕೆ ಕೊಟ್ಟು
ಮರುವಾಯಿ ಅಗೆಯುತ್ತಾನೆ, ಕಾವಳದಲ್ಲಿ
ಬಕೀಟಿನ ಸದ್ದಷ್ಟೇ ಅವನ ವಿಳಾಸ.

ನಮ್ಮದೂ ಒಂದು ಸರ್ಕಾರ.
ಕಚೇರಿಯ ನೆಲಮಾಳಿಗೆಯೇ ಜೈಲು, ಹನ್ನೊಂದು ಕೋಣೆ;
ಮಧ್ಯಾಹ್ನ ಹುರುಳಿ ಬೇಯುವ ವಾಸನೆ
ಹಳೆಯ ಕ್ರಯಪತ್ರಗಳಿಗೆ ಹತ್ತುತ್ತದೆ.
ಕಾವಲಿನ ಲೆಮ್ಯುಯೆಲ್ಲೇ ಬೆಂಕಿ ಆರಿಸುವವನು,
ಗುಂಡಿ ತೋಡುವವನೂ ಅವನೇ.
ಜನವರಿಯಲ್ಲಿ ಯಾರೂ ಸಾಯಬೇಡಿ ಎಂದು ಹೇಳಿಟ್ಟಿದ್ದಾನೆ,
ನೆಲ ಕಬ್ಬಿಣವಾಗಿರುತ್ತದಂತೆ.
ಗ್ರಂಥಾಲಯ ಮಂಗಳವಾರ ಮತ್ತು ಗುರುವಾರ.
ಆಸ್ಪತ್ರೆಯ ಹೆರಿಗೆ ವಾರ್ಡು ಮುಚ್ಚಿ ಆರು ವರ್ಷ,
ಹಾಗಾಗಿ ಈಚಿನ ಮಕ್ಕಳೆಲ್ಲ ಕಾಗದದ ಮೇಲೆ
ಪಕ್ಕದ ಕೌಂಟಿಯವರು.

ಸೆಪ್ಟೆಂಬರ್ ಬಂದರೆ ಹುಲ್ಡಾ ಮರ್ಚೆಂಟ್ ಬರುತ್ತಾಳೆ,
ಬಿಸ್ಕತ್ತಿನ ಡಬ್ಬಿಯಲ್ಲಿ ಕಂದಾಯದ ದುಡ್ಡು.
ಅವಳ ನೆಲವನ್ನು ಕಡಲು ತಿಂದು ಹದಿನಾಲ್ಕು ವರ್ಷ:
ಮೊದಲು ಬೇಲಿ, ಆಮೇಲೆ ಮೂರು ಸೇಬಿನ ಮರ,
ಕೊನೆಗೊಂದು ನವೆಂಬರ್ ರಾತ್ರಿ ಹುಲ್ಲಿನ ಕೊಟ್ಟಿಗೆ
ದೀಪ ಹೊತ್ತಿದ್ದಂತೆಯೇ ಹೋಯಿತಂತೆ.
ಇಲ್ಲದ ನೆಲಕ್ಕೆ ಕಂದಾಯ ಯಾಕಮ್ಮ ಎಂದೆ, ಮೊದಲ ವರ್ಷ.
"ಇಲ್ಲ ಅಂದವರು ಯಾರು? ಒದ್ದೆಯಾಗಿದೆ, ಅಷ್ಟೆ."
ರಸೀದಿ ಹರಿದು ಕೊಟ್ಟೆ.

ಈ ಸಲದ ಮಾರ್ಚ್ ಸಭೆ, ಶಾಲೆಯ ಆಟದ ಹಾಲಿನಲ್ಲಿ.
ಹಿಮ ಗೋರುವ ಲಾರಿಗೆ ಟೈರು, ಬಾಯ್ಲರಿನ ದುರಸ್ತಿ,
ಇವೆಲ್ಲ ಮುಗಿದ ಮೇಲೆ ಕಮಿಷನರೊಬ್ಬ ಎದ್ದು,
ನೀರಲ್ಲಿರುವ ಖಾತೆಗಳನ್ನು ಹೊಡೆದುಹಾಕೋಣ ಎಂದ.
ಕುರ್ಚಿಯೊಂದು ಕಿರುಗುಟ್ಟಿತು. ಇಲ್ಲಿ ದಂಡೆಯಿಲ್ಲದ ಮನೆ ಯಾವುದು?
ಹಿಂದಿನ ಸಾಲಿನಿಂದ, ಶಾಲೆಯ ಬಸ್ಸು ಓಡಿಸುವ
ಪಾಸಮಕ್ವಾಡಿ ಹೆಂಗಸು ಮೇಡ್ಲಿನ್, ಕೂತಲ್ಲಿಂದಲೇ:
"ನಮ್ಮವರ ನೆಲವನ್ನು ನೀವು ಹೊಡೆದುಹಾಕಿದಾಗ
ಅದು ಒಣಗಿಯೇ ಇತ್ತು."
ಯಾರೋ ನಗಲು ಹೊರಟು ನಿಲ್ಲಿಸಿದರು.
ಕೈಗಳೆದ್ದವು. ಮೂವತ್ತೊಂದಕ್ಕೆ ಹತ್ತೊಂಬತ್ತು:
ಖಾತೆಗಳು ಇದ್ದಂತೆ ಇರಲಿ.
ಮೇಡ್ಲಿನ್ ಕೈ ಯಾವ ಕಡೆಗೂ ಏಳಲಿಲ್ಲ. ನಾನು ನೋಡಿದೆ.
ನಡಾವಳಿಯಲ್ಲಿ ಬರೆಯಲು ಅದಕ್ಕೆ ಕಾಲಂ ಇಲ್ಲ.

ನಿನ್ನೆ ಅಮಾವಾಸ್ಯೆಯ ದೊಡ್ಡ ಇಳಿತ.
ಹುಲ್ಡಾಳ ಮುತ್ತಜ್ಜನ ಪತ್ರದ ನಕಲು ಹಿಡಿದು ಹೋದೆ.
ಸೀಳುಬಂಡೆಯಿಂದ ಗುರುತಿನ ಓಕ್ ಮರದವರೆಗೆ,
ಅಲ್ಲಿಂದ ದಂಡೆಗುಂಟ ಇಪ್ಪತ್ತು ಸರಪಳಿ, ಎಂದಿದೆ.
ಓಕ್ ಎಲ್ಲಿಯದು. ಬಂಡೆ ಇತ್ತು, ಸೀಳೂ ಇತ್ತು.
ಅದರಾಚೆ ಪಾಚಿಗೂದಲು ಹೊದ್ದು ದುಂಡನೆಯ ಬಾವಿಕಟ್ಟೆ,
ಒಂದು ಕಲ್ಲೂ ಕದಲಿಲ್ಲ.
ಬೊಗಸೆಯಲ್ಲಿ ಮೊಗೆದು ನಾಲಿಗೆಗೆ ಇಟ್ಟೆ.
ಗೊತ್ತಿದ್ದೂ ಇಟ್ಟೆ.

ಮೊಣಕಾಲ ಮೇಲೆ ವಹಿ ಇರಿಸಿ ಬರೆದದ್ದು ಇಷ್ಟು:
ಪೂರ್ವಕ್ಕೆ ಸಮುದ್ರ. ಉತ್ತರಕ್ಕೆ, ದಕ್ಷಿಣಕ್ಕೆ, ಅದೇ.
ಪಶ್ಚಿಮಕ್ಕೆ, ಸುಮಾರು ಎರಡು ಗಂಟೆ ಕಾಲ, ದಾರಿ.
ಇವುಗಳ ಮಧ್ಯೆ ಕಲ್ಲು ಕಟ್ಟಿದ ಬಾವಿ ಒಂದು.
ಕಂದಾಯ ಬಾಕಿ ಇಲ್ಲ.

ಸಹಿ ಹಾಕುವ ಮೊದಲೇ ಬೂಟಿನೊಳಕ್ಕೆ ತಣ್ಣಗಾಯಿತು.