ಕಾಡಿಗೆ ವಾಸನೆ ಇರಲಿಲ್ಲ

ಪೀಣ್ಯ ಎರಡನೇ ಹಂತ, ಲೇಥ್ ಶೆಡ್ಡಿನ ಮೇಲೆ ಮೂರನೇ ಮಹಡಿ.
ಗಂಟೆಗೆ ಮುನ್ನೂರು ರೂಪಾಯಿ, ಸ್ಟ್ರಾದಲ್ಲಿ ಜ್ಯೂಸು ಅವರದೇ.
ನಡುವೆ ಹೆಲ್ಮೆಟ್ಟು ತೆಗೆದರೆ ಬಿಡಿಗಾಸೂ ಇಲ್ಲ
ಅನ್ನುವ ಕಾಗದಕ್ಕೆ ಸಹಿ ಹಾಕಿದೆವು, ನಾನೂ ಡೆನ್ಜಿಲ್ಲೂ,
ಹದಿನೆಂಟು ತುಂಬಿದೆ ಅಂತ ಸುಳ್ಳು ಹೇಳಿ.

ಒಳಗೆ ಒಂಬತ್ತು ದಿನ, ಹೊರಗೆ ಒಂಬತ್ತೇ ಗಂಟೆ.
ಒಂದು ಚಾಕು, ಒಂದು ಸೀಸೆ, ನೀರಿನ ಸುಳಿವಿಲ್ಲದ ಕಾಡು.
ಎರಡನೇ ಬೆಳಗ್ಗೆ ಇಬ್ಬನಿ ಹುಲ್ಲಿನ ಮೇಲೆ ಅಂಗಿ ಎಳೆದಾಡಿ
ಹಿಂಡಿಕೊಂಡು ಕುಡಿದೆವು, ನಾಲಗೆಗೆ ಗೊತ್ತಾಗದ ನೀರು.
ಮೂರನೇ ದಿನ ಜೇನ್ನೊಣದ ಜಾಡು ಹಿಡಿದು ಹಳ್ಳ ಸಿಕ್ಕಿತು.
ಕೆಲಸ ಹಂಚಿಕೊಂಡೆವು: ಅವನು ಬೆಂಕಿ, ನಾನು ಸೊಪ್ಪು.

ಸೊಪ್ಪು ನನಗೆ ಯಾರೂ ಹೇಳಿಕೊಡಬೇಕಿರಲಿಲ್ಲ.
ನಮ್ಮಜ್ಜಿ ಮುನಿಲಕ್ಕಮ್ಮ ನೆಲಗದರನಹಳ್ಳಿ ಕಡೆ
ಇನ್ನೂ ಮನೆ ಏಳದ ಸೈಟುಗಳಲ್ಲಿ ಬಗ್ಗಿ ಬಗ್ಗಿ
ಅಣ್ಣೆ, ಗೋಣಿ, ಚಿಲಕರಿವೆ, ಹೊನಗೊನೆ ಆಯುತ್ತಾ
"ಉಜ್ಜು, ಮೂಸು, ಆಮೇಲೆ ಬಾಯಿಗಿಡು" ಅನ್ನುವಳು.
ಉಜ್ಜಿದೆ. ಮೂಸಿದೆ.
ಏನೂ ಇಲ್ಲ.
ಎಲೆಯ ನರ ನರ ಬಿಡಿಸಿದ್ದಾರೆ, ಹುಳ ತಿಂದ ತೂತು ಕೂಡ.
ಮೂಗಿಗೆ ಮಾತ್ರ ಖರ್ಚು ಮಾಡಿಲ್ಲ.

ನಾಲ್ಕನೇ ದಿನ ಡೆನ್ಜಿಲ್‌ಗೆ ನನ್ನ ದನಿ ಕೇಳಿಸಿತಂತೆ:
"ಸಾಕು ಕಣೋ, ತೆಗಿ, ಆಟ ಮುಗೀತು."
ನಾನಾಗ ಹಳ್ಳದಾಚೆ ಗೆಡ್ಡೆ ಅಗೆಯುತ್ತಿದ್ದೆ.
ಯಂತ್ರಕ್ಕೆ ನನ್ನ ಗಂಟಲು ಸಿಕ್ಕಿಬಿಟ್ಟಿತ್ತು.
ಪಕ್ಕದ ತಂಡದ ಇಬ್ಬರು, ತಂತಮ್ಮ ಗೆಳೆಯರ ದನಿ ನಂಬಿ,
ತೆಗೆದು, ಬರಿಗೈಲಿ ಮೆಟ್ಟಿಲಿಳಿದು ಹೋದರು.
ಅವತ್ತು ಅವನು ಆಣೆ ಮಾಡಿದ:
"ಇನ್ನು ನೀನೇ ಬಂದು ಕರೆದರೂ ನಾನು ತೆಗೆಯೋನಲ್ಲ."

ಒಂಬತ್ತನೇ ಸಂಜೆ. ಬಂಡೆ ಮೇಲೆ ಚಿರತೆ, ನಮ್ಮನ್ನೇ ನೋಡುತ್ತ.
ಅವನ ಕೈಲಿ ಕೊಳ್ಳಿ. ನನ್ನ ಮೂಗಿಗೆ
ಸುಟ್ಟ ವೈರು, ಕರಗಿದ ರಬ್ಬರು.
ಕೊಳ್ಳಿಯದಲ್ಲ.
ಈ ಕಾಡಿನ ಬೆಂಕಿಗೆ ವಾಸನೆಯೇ ಇಲ್ಲವಲ್ಲ!
ಚಿರತೆಗೆ ಬೆನ್ನು ಮಾಡಿ
ಎರಡೂ ಕೈಯಿಂದ ನನ್ನ ಆಕಾಶ ಕಿತ್ತೆ.

ಕತ್ತಲು. ಹೊಗೆ. ಮ್ಯಾನೇಜರ ಕುರ್ಚಿ ಖಾಲಿ.
ಡೆನ್ಜಿಲ್ ಅಲ್ಲೇ ನಿಂತು ಇಲ್ಲದ ಕೊಳ್ಳಿ ಬೀಸುತ್ತಿದ್ದಾನೆ.
"ತೆಗಿಯೋ" ಅಂದರೆ ನಗುತ್ತಾನೆ: "ಹಳೇ ಟ್ರಿಕ್ಕು."
ಗದ್ದದ ಕೊಂಡಿಗೆ ಕೈ ಹಾಕಿದರೆ ಗುದ್ದುತ್ತಾನೆ.
ಬಿಟ್ಟೆ. ಕಾಡಿನ ಮಾತಲ್ಲೇ ಹೇಳಿದೆ:
"ಚಿರತೆ ಎರಡಿವೆ. ಬಗ್ಗು. ನನ್ನ ಬೆಲ್ಟು ಹಿಡಿ.
ಮರ ಬಿದ್ದಿದೆ, ದಾಟು."
ಅದು ಟೇಬಲ್ಲು.
"ಬಂಡೆ ಕಾದಿದೆ, ಮುಟ್ಟಬೇಡ."
ಲಿಫ್ಟಿನ ಬಾಗಿಲು.
"ಹಳ್ಳಕ್ಕೆ ಇಳಿಯಬೇಕು. ಹನ್ನೊಂದು ಕಲ್ಲು, ತಿರುವು, ಮತ್ತೆ ಹನ್ನೊಂದು."
"ಹ್ಯಾಂಗ್ ಆಗಿದೆ ಕಣೇ, ಜಿಂಕೆ ಗಾಳೀಲೇ ನಿಂತಿದೆ."
"ಜಿಂಕೆ ನೋಡಬೇಡ, ಕಲ್ಲು ಎಣಿಸು."
ಎಣಿಸಿದ. ಇಂಗ್ಲಿಷಲ್ಲಿ ಶುರು ಮಾಡಿ,
ನಡುವೆ ಮನೆಯ ತಮಿಳಿಗೆ ಹೊರಳಿ,
ಕೊನೆಗೆ ಬರೀ ಕೆಮ್ಮಿನಲ್ಲಿ.

ಅರವತ್ತಾರಕ್ಕೆ ಲೇಥಿನ ಕಬ್ಬಿಣದ ಸುರುಳಿ ಕಾಲಡಿ ಕಿರ್ ಅಂದಿತು.
ರಸ್ತೆಗೆ ಬಿದ್ದೆವು. ಟೀ ಅಂಗಡಿಯವನು ಬಿಂದಿಗೆ ನೀರು ಸುರಿದ.
ಆಗ ತಾನಾಗೇ ತೆಗೆದ.
ಮೆಟ್ರೋ ಕಂಬಗಳನ್ನು ಒಂದೊಂದಾಗಿ ನೋಡಿ ಕೇಳಿದ:
"ಇದು ಎಷ್ಟನೇ ದಿನ?"

ದುಡ್ಡು ಬರಲಿಲ್ಲ. ಮಾರನೇ ದಿನ ಬೋರ್ಡೂ ಇರಲಿಲ್ಲ.
ಹೊಗೆಗೆ ಮೂಗು ಕೆಟ್ಟಿದೆ, ಎರಡು ವಾರಕ್ಕೆ ಸರಿಹೋಗುತ್ತೆ
ಅಂದರು ಡಾಕ್ಟರು.
ಅಜ್ಜಿ ಮಸ್ಸೊಪ್ಪಿಗೆ ಒಗ್ಗರಣೆ ಹಾಕುತ್ತಾಳೆ,
ಬೆಳ್ಳುಳ್ಳಿ ಸಿಡಿಯುವುದು ಕೇಳಿಸುತ್ತದೆ, ಅಷ್ಟೇ.
ಎಲೆ ಉಜ್ಜುತ್ತೇನೆ. ಮೂಸುತ್ತೇನೆ.
ಇವತ್ತಿಗೆ ಹತ್ತೊಂಬತ್ತು.

"ಸಾಕು ಬಾರೇ, ಊಟಕ್ಕೆ" ಅಂತಾಳೆ ಅಜ್ಜಿ.
ಥೇಟು ಅವಳದೇ ದನಿ.