ತೆಗೆದದ್ದು

ಆವತ್ತು ಡೊರಾಲಿಸಾಳ ಮನೆ ನಡೆಯಿತು.
ಸಮುದ್ರ ದಿಬ್ಬವನ್ನು ಕಡಿದು ಕಡಿದು
ಅಡುಗೆಮನೆಯ ಬುಡಕ್ಕೆ ಬಂದಿತ್ತು;
ಊರವರೆಲ್ಲ ಮುಯ್ಯಾಳು ಕೂಡಿ,
ತಳಕ್ಕೆರಡು ತೊಲೆ ಬಿಗಿದು, ಆರು ಜೋಡಿ ಎತ್ತು ಹೂಡಿ,
ಇಡೀ ಮನೆಯನ್ನು, ಕಿಟಕಿಯ ಪರದೆ ಸಮೇತ,
ಗುಡ್ಡಕ್ಕೆ ಎಳೆದರು.
ಚಿಲೊಯೆ ದ್ವೀಪಕ್ಕೆ ಇದು ಹೊಸದಲ್ಲ.
ಹೊಸದು ನನ್ನ ಕೊರಳಿನ ಕ್ಯಾಮೆರಾ.
ಅದೂ ಶಾಲೆಯದು, ಪಟ್ಟಿಯ ಮೇಲೆ ನಂಬರು ನಾಲ್ಕು.

ನನಗೆ ಹದಿನೇಳು. ಮೊಣಕಾಲುದ್ದ ಕೆಸರು.
ಎತ್ತುಗಳ ಉಸಿರು ಲೆನ್ಸಿನ ಮೇಲೆ ಕೂತಾಗಲೆಲ್ಲ
ಅಂಗಿಯ ಚುಂಗಿನಲ್ಲಿ ಒರೆಸಿ
ಮುನ್ನೂರ ಹನ್ನೆರಡು ತೆಗೆದೆ.

ಅದರಲ್ಲೊಂದು:
ವಾಲಿದ ಮನೆ, ಸೀಸದ ಬಣ್ಣದ ಆಕಾಶ,
ಸೆಟೆದ ಹಗ್ಗ ಎಡದಂಚಿಗೆ ಓಡಿ
ಅಲ್ಲೊಬ್ಬ ಮುದುಕನ ಮುಷ್ಟಿಯಲ್ಲಿ ಮುಗಿಯುತ್ತದೆ.
ಮೀನು ಕಂಪನಿಯ ಕಿತ್ತಳೆ ಮಳೆಕೋಟು,
ಅರ್ಧ ಮುಖ, ತೆರೆದ ಬಾಯಿ.
ಎಂಥ ಕಿತ್ತಳೆ ಅದು!
ಇಡೀ ಚಿತ್ರದಲ್ಲಿ ಅದೊಂದೇ ಕಿರುಚುತ್ತಿತ್ತು.

ರಾತ್ರಿ ಕಂಪ್ಯೂಟರಿನ ಮುಂದೆ
ನೆರಳನ್ನು ತುಸು ಎತ್ತಿದೆ,
ಓರೆಯಾದ ಕಡಲಂಚನ್ನು ನೆಟ್ಟಗೆ ಮಾಡಿದೆ.
ಇಷ್ಟಕ್ಕೆ ಅಡ್ಡಿಯಿಲ್ಲ. ಮಿರೆಯಾ ಟೀಚರ್ ಹೇಳಿದ್ದರು:
ಕಣ್ಣು ಕಂಡದ್ದರ ಹತ್ತಿರಕ್ಕೆ ಒಯ್ಯಿ,
ಕಣ್ಣು ಬಯಸಿದ್ದರ ಹತ್ತಿರಕ್ಕಲ್ಲ.
ಆಮೇಲೆ ಬೆರಳು ನಿಲ್ಲಲಿಲ್ಲ.
ಹುಲ್ಲನ್ನು ಹುಲ್ಲಿನ ಮೇಲೆ ಹೊದೆಸಿದೆ,
ಕೆಸರನ್ನು ಕೆಸರಿನ ಮೇಲೆ ಸವರಿದೆ.
ಎರಡೇ ನಿಮಿಷ.
ಒಂದು ತೊಟ್ಟು ನೆತ್ತರಿಲ್ಲ.

ಅಗ್ನಿಶಾಮಕದವರ ಹಾಲಿನಲ್ಲಿ ಅದನ್ನು
ನಟ್ಟನಡುವೆ ತೂಗುಹಾಕಿದರು.
ಪಾದ್ರಿ ಹೊಗಳಿದರು. ಬೇಕರಿಯವ ಎರಡು ಸಲ ನೋಡಿದ.
ಕೊನೆಗೆ ಎಲಿಯೆಸೆರ್ ನವೆಲ್ಕಿನ್ ಬಂದ,
ತಲೆಗೆ ನೀರು ಹಚ್ಚಿ ಬಾಚಿಕೊಂಡು,
ಮೊಮ್ಮಗಳ ಕೈ ಹಿಡಿದು.

'ನೀನೆಲ್ಲಿ ತಾತ?'

ಆತ ಮೂಗು ತಾಗುವಷ್ಟು ಬಾಗಿ ಹುಡುಕಿದ.
ಆಮೇಲೆ ಬೆರಳನ್ನು ಕಾಗದದ ಹೊರಗೆ,
ಬರೀ ಗೋಡೆಯ ಮೇಲಿಟ್ಟು ಹೇಳಿದ:
'ಇಲ್ಲಿ. ಸ್ವಲ್ಪ ಈಚೆಗೆ ನಿಂತಿದ್ದೆ ಅಂತ ಕಾಣುತ್ತೆ.'

'ಹಾಗಾದರೆ ಈ ಹಗ್ಗ ಹಿಡಿದವರು ಯಾರು?'

ಯಾರೂ ಅಲ್ಲ. ಹಗ್ಗದ ತುದಿ ಗಾಳಿಯಲ್ಲಿತ್ತು,
ನಾನದನ್ನು ನೋಡಿಯೇ ಇರಲಿಲ್ಲ.
ಹಿಂದೆ ನಿಂತಿದ್ದೆ, ಕೈಯಲ್ಲಿ ಬಿಸ್ಕತ್ತಿನ ತಟ್ಟೆ.

ಹೇಳದಿದ್ದರೆ ನಡೆಯುತ್ತಿತ್ತು.
ಗೋಡೆ ಬಾಯಿಬಿಡುವುದಿಲ್ಲ,
ಆತನೇ ತನ್ನನ್ನು ಹೊರಗೆ ನಿಲ್ಲಿಸಿಕೊಂಡು
ನನ್ನ ತಪ್ಪನ್ನು ಮುಚ್ಚಿಯೂ ಆಗಿತ್ತು.
ಅದೇ ಗಂಟಲಲ್ಲಿ ಸಿಕ್ಕಿತು, ಮೀನಿನ ಮುಳ್ಳಿನಂತೆ.

ಮಿರೆಯಾ ಟೀಚರ್ ಬೈಯಲಿಲ್ಲ.
'ಮೂಲ ಇದೆಯಾ?' ಅಂದರು, ಅಷ್ಟೆ.
ಹುಡುಕುವಾಗ ಇನ್ನೊಂದು ಸಿಕ್ಕಿತು, ಇನ್ನೂರ ಏಳನೆಯದು:
ನಡೆಯುವ ಮನೆಯೊಳಗೆ, ಪರದೆಯ ಸೀಳಿನಲ್ಲಿ
ಡೊರಾಲಿಸಾ, ಎರಡೂ ಅಂಗೈಯಲ್ಲಿ ಮುಖ.
ದೂರದಿಂದ, ಅವಳಿಗೆ ತಿಳಿಯದಂತೆ, ಎಳೆದು ಹಿಡಿದದ್ದು.
ಮುನ್ನೂರ ಹನ್ನೆರಡರಲ್ಲಿ ಅದೇ ಎಲ್ಲಕ್ಕಿಂತ ಚೆನ್ನಾಗಿತ್ತು.
ಚೆನ್ನಾಗಿದೆ ಅನ್ನುವುದು ಈಗಲೂ ಸುಳ್ಳಲ್ಲ.

ಗುಡ್ಡ ಹತ್ತಿ ಹೋಗಿ ತೋರಿಸಿದೆ.
ಅವಳು ಒಲೆಯ ಮೇಲೆ ಆಲೂಗಡ್ಡೆಯ ಮಿಲ್ಕಾವ್ ತಿರುವಿಹಾಕಿ,
ಕೈ ಒರೆಸಿಕೊಂಡು, ಬಹಳ ಹೊತ್ತು ನೋಡಿ,
'ತೆಗೆ, ಮಗಳೇ' ಅಂದಳು.

ತೆಗೆದೆ.
ಅವಳೆದುರಿಗೇ. ಕೈ ನಡುಗಿತು, ಹೊಟ್ಟೆ ಉರಿಯಿತು.
ಅವಳು ಬಿಸಿ ಮಿಲ್ಕಾವ್ ಕೊಟ್ಟಳು, ನಾಲಗೆ ಸುಟ್ಟಿತು.

ಮರುದಿನ ಹಾಲಿನಲ್ಲಿ ಹಳೆಯ ಮೊಳೆಗೆ ಮೂಲಚಿತ್ರ.
ಕೆಳಗೆ ಪೆನ್ಸಿಲಿನಲ್ಲಿ ಬರೆದೆ:
ಮೊದಲಿನದರಲ್ಲಿ ಒಬ್ಬ ಮನುಷ್ಯನನ್ನು ಅಳಿಸಿದ್ದೆ. ಯಾಸ್ನಾ ಚಿಗ್ವಾಯ್.

ಎಲಿಯೆಸೆರ್ ಓದಿದನೋ ಇಲ್ಲವೋ.
ಅರ್ಧ ಮುಖವನ್ನು ನೋಡಿ ನಕ್ಕ, ಹಲ್ಲಿಲ್ಲದ ನಗು.
ಮೊಮ್ಮಗಳು ಕೇಳಿದಳು,
'ಬಾಯಿ ಯಾಕೆ ಹಾಗೆ ತೆರೆದಿದ್ದೀಯ? ಎತ್ತುಗಳಿಗೆ ಹಾಡುತ್ತಿದ್ದೆಯಾ?'

'ಎಲ್ಲಿಯ ಹಾಡು!
ಎಡಗಡೆ ತೊಲೆ ಬಿರಿದಿತ್ತು. ಬೇರೆ ಯಾರೂ ನೋಡಿರಲಿಲ್ಲ.
ನಿಲ್ಲಿಸಿ, ನಿಲ್ಲಿಸಿ ಅಂತ ಕೂಗುತ್ತಿದ್ದೆ.'